ಚಾಪೆ ಮುಚ್ಚಿದ ಛಾಪು

ಇಸ್ತ್ರಿ ಮಾಡೋದು ಒಂದು ಕಲೆ ಅಂತ ನಮ್ಮ ಪಕ್ಕದ ಮನೆ ಸೆಮಿಸಿ ಶನಿವಾರ ಬೆಳಿಗ್ಗೆ ಬೇಲಿ ಮೇಲೆ ಮೊಣಕೈ ಊರಿ ಹೇಳಿದ. ಮಧ್ಯಾಹ್ನ ಊಟದ ಹೊತ್ತಿಗೆ ಆ ಕಲೆ ಅವನ ಬಿಳಿ ಕೋಟಿನ ಬೆನ್ನ ಮೇಲಿತ್ತು. ಕೋಕೋ ಬಣ್ಣ, ಮುಂದೆ ಚೂಪು, ಹಿಂದೆ ಅಗಲ. ದೂರದಿಂದ ನೋಡಿದ್ರೆ ಏವುವಾ ದ್ವೀಪಕ್ಕೆ ಹೊರಟ ದೋಣಿ ಥರ.

ಆ ಕೋಟು ಸಾಮಾನ್ಯದ್ದಲ್ಲ. ಸೆಮಿಸಿಯ ಸೋದರತ್ತೆ ಕಲೋಲೈನೆ ಅವರ ಯಜಮಾನರು ಪೌಲಿಯಾಸಿ ಮಾವ ನಮ್ಮೂರಿನ ಚರ್ಚಲ್ಲಿ ಮೂವತ್ತು ವರ್ಷ ಉಪದೇಶ ಮಾಡಿದ್ದು ಅದನ್ನೇ ಹಾಕ್ಕೊಂಡು. ಮಾವನ ಉಪದೇಶ ಗಟ್ಟಿ, ಕೋಟಿನ ಗಂಜಿ ಅದಕ್ಕಿಂತ ಗಟ್ಟಿ. ನಮ್ಮ ದ್ವೀಪದಲ್ಲಿ ಚರ್ಚಿಗೆ ಹೋಗೋವಾಗ ಬಟ್ಟೆ ಮೇಲೆ ಸೊಂಟಕ್ಕೆ ಒಂದು ಹೆಣೆದ ಚಾಪೆ ಸುತ್ತಿ ಕಟ್ಟೋದು ಮರ್ಯಾದೆ. ಇನ್ನೊಂದು ವಿಶೇಷ ಅಂದ್ರೆ ಅವರು ಆ ಚಾಪೆಯನ್ನ ಬೇರೆಯವರಿಗಿಂತ ನಾಲ್ಕು ಬೆರಳು ಮೇಲೆ ಕಟ್ಟೋರು. ಯಾಕೆ ಅಂತ ಯಾರೂ ಕೇಳಲಿಲ್ಲ. ಹೊಟ್ಟೆಗಿಂತ ಹೃದಯ ದೊಡ್ಡದು ಅಂತ ತೋರಿಸೋ ವಿನಯ ಅದು ಅಂತ ಹಿರಿಯರು ಅರ್ಥ ಹಚ್ಚಿದ್ರು. ಅವತ್ತಿನಿಂದ ನಮ್ಮೂರಿನ ಗಂಡಸರೆಲ್ಲ ಮೇಲುಕಟ್ಟಿನವರು. ಪಕ್ಕದೂರಿನವರು ಕೆಳಕಟ್ಟಿನವರು. ಅವರ ಭಕ್ತಿ ಸೊಂಟದಿಂದ ಜಾರಿದೆ ಅಂತ ನಾವು ಮರುಕ ಪಡ್ತೀವಿ.

ಮಾವ ತೀರ್ಕೊಂಡ ಮೇಲೆ ಅತ್ತೆ ಏವುವಾಗೆ ಹೋಗಿ ನೆಲೆಸಿದ್ರು. ಹೋಗೋವಾಗ ಕೋಟನ್ನ ಅಣ್ಣನ ಮಗ ಸೆಮಿಸಿ ಕೈಗಿಟ್ಟು, "ನೀನೂ ಉಪದೇಶಕನಾಗು" ಅಂದ್ರು. ನಮ್ಮಲ್ಲಿ ಅಪ್ಪನ ಅಕ್ಕತಂಗಿ ಹೇಳಿದ್ರೆ ಮುಗೀತು. ಅವರು ನಿಂತಿದ್ರೆ ನಾವು ಕೂರಬೇಕು, ಕೂತಿದ್ರೆ ತೆವಳಬೇಕು, ಕೇಳಿದ್ದು ಕೊಡಬೇಕು, ಕೇಳದಿದ್ದದ್ದನ್ನೂ ಹೊರಗಿಟ್ಟಿರಬೇಕು.

ಉಪದೇಶಕ ಆಗೋದಕ್ಕೆ ಒಂದು ಪರೀಕ್ಷೆ ಇದೆ. ಇಡೀ ಊರಿನ ಮುಂದೆ ಒಂದು ಭಾನುವಾರ ಉಪದೇಶ ಕೊಡಬೇಕು, ಪಾದ್ರಿಗಳು ಒಪ್ಪಬೇಕು. ಸೆಮಿಸಿ ಮೊದಲನೇ ಸಲ ವೇದಿಕೆ ಹತ್ತಿ, "ಪ್ರೀತಿಯ ಬಂಧುಗಳೇ" ಅಂದ. ಆಮೇಲೆ ಅಷ್ಟೇ. ಎರಡು ನಿಮಿಷ ನಮ್ಮನ್ನ ಪ್ರೀತಿಯಿಂದ ನೋಡಿ ಇಳಿದುಬಿಟ್ಟ. ಜನ ನಕ್ಕರು. ಎರಡನೇ ಸಲ ಚೆನ್ನಾಗೇ ಶುರು ಮಾಡಿದ, ಆದ್ರೆ ಗಾಬರಿಯಲ್ಲಿ ಮೂರನೇ ವಾಕ್ಯಕ್ಕೇ "ಆಮೆನ್" ಅಂದುಬಿಟ್ಟ. ಆಮೆನ್ ಅಂದ್ಮೇಲೆ ನಾವು ಕೂರೋ ಪೈಕಿ ಅಲ್ಲ. ಮನೆಗಳಲ್ಲಿ ನೆಲ ತೋಡಿ ಮಾಡಿದ ಮಣ್ಣೊಲೆಯೊಳಗೆ ಟ್ಯಾರೋ ಗೆಡ್ಡೆ, ಮಾಂಸ ಬೇಯ್ತಾ ಇರುತ್ತೆ. ಎದ್ದು ಹೋದ್ವಿ.

"ಇದು ಮೂರನೇದು, ಕೊನೇದು," ಅಂತ ಪಾದ್ರಿಗಳು ಹೇಳಿದ್ರು. "ಇದೂ ತಪ್ಪಿದ್ರೆ ನೀನು ಸಾಯೋವರೆಗೂ ಚರ್ಚಿನ ಡೋಲು ಬಾರಿಸ್ಕೊಂಡಿರು. ಅದಕ್ಕೆ ಮಾತು ಬೇಡ."

ಅದಕ್ಕೇ ಶನಿವಾರ ಸೆಮಿಸಿ ಅಷ್ಟು ಪಟ್ಟು ಹಿಡಿದು ಇಸ್ತ್ರಿಗೆ ನಿಂತಿದ್ದು. ಅವನ ಹೆಂಡತಿ ಮೆಲೆಸಿಯು, "ಕೊಡು ಇಲ್ಲಿ, ನಾನು ಮಾಡ್ತೀನಿ," ಅಂದಳು.

"ಬೇಡ. ಪಾದ್ರಿಗಳ ಕೋಟಿಗಿಂತ ನನ್ನದು ಗರಿಗರಿ ಆಗಿರಬೇಕು. ಅದು ನಿನ್ನ ಕೈಲಾಗಲ್ಲ."

"ಮರಗೆಣಸಿನ ಗಂಜಿ ಎರಡು ಪಾತ್ರೆ ಸುರಿದಿದ್ದೀಯ. ನಮ್ಮನೆ ಹಂದಿಮರಿಗೂ ಇಷ್ಟು ಗಂಜಿ ಸಿಕ್ಕಿಲ್ಲ."

"ಕೋಟು ತನ್ನಷ್ಟಕ್ಕೆ ತಾನೇ ನಿಲ್ಲಬೇಕು ಕಣೇ."

"ನಿಲ್ಲುತ್ತೆ. ಮಾತೂ ಅದೇ ಆಡಿಬಿಟ್ರೆ ಒಳ್ಳೇದಿತ್ತು."

ಅಷ್ಟರಲ್ಲಿ ಫೋನು. ಅತ್ತೆ. ಸೆಮಿಸಿ ಅಲ್ಲೇ ಅರ್ಧ ಬಗ್ಗಿದ. ಅತ್ತೆ ಹತ್ರ ಮಾತಾಡೋವಾಗ ಕೈಯಲ್ಲಿ ಇನ್ನೊಂದು ವಸ್ತು ಇರೋದು ಅಗೌರವ ಅಂತ ಇಸ್ತ್ರಿಪೆಟ್ಟಿಗೆಯನ್ನ ಇದ್ದಲ್ಲೇ ಇಟ್ಟ. ಅದು ಇದ್ದದ್ದು ಕೋಟಿನ ಬೆನ್ನ ಮೇಲೆ. ನಮ್ಮ ಓಣಿಯಲ್ಲಿ ಫೋನಿಗೆ ಸಿಗ್ನಲ್ ಸಿಗೋದು ಅವನ ಜಗಲಿಯ ಮಾವಿನ ಮರದ ಕಡೆ ಮೂಲೆಯಲ್ಲಿ ಮಾತ್ರ. ಅಲ್ಲಿಗೆ ಹೋಗಿ ಏವುವಾ ಕಡೆ ಮುಖ ಮಾಡಿ ನಿಂತ. ಅಲ್ಲಿ ನಡೆದ ಮಾತು ನನಗೆ ಗೊತ್ತಾಗಿದ್ದು ಆಮೇಲೆ, ಇಬ್ಬರ ಬಾಯಿಂದಲೂ.

"ಕೋಟು ಹೇಗಿದೆ?"

"ಬಿಸಿಬಿಸಿಯಾಗಿದೆ ಅತ್ತೆ."

"ನಾಳೆ ನಾನು ಮುಂದಿನ ಸಾಲಲ್ಲೇ ಕೂರ್ತೀನಿ. ಆ ಕೋಟನ್ನ ಮತ್ತೆ ವೇದಿಕೆ ಮೇಲೆ ನೋಡ್ಬೇಕು. ಬೇರೆ ಕೋಟು ಹಾಕಿದ್ಯೋ, ನೋಡು."

"ಇಲ್ಲ ಅತ್ತೆ."

"ಇನ್ನೊಂದು ಮಾತು. ಇವತ್ತು ದೋಣಿ ಹತ್ತುತೀನಿ, ಆದ್ರೆ ನಿಮ್ಮನೆಗೆ ಬರಲ್ಲ. ಪಟ್ಟಣದಲ್ಲಿ ಮಗಳ ಮನೇಲಿ ಉಳ್ಕೋತೀನಿ. ನಾಳೆ ನೇರವಾಗಿ ಚರ್ಚಿಗೇ. ಮೆಲೆಸಿಯುಗೆ ಹೇಳ್ಬಿಡು, ಸುಮ್ನೆ ಅಡುಗೆ ಮಾಡಿಟ್ಟಾಳು. ಕೇಳಿಸ್ತಾ?"

ಸರಿಯಾಗಿ ಆ ಹೊತ್ತಿಗೆ ಒಳಗಿಂದ ಹೊಗೆ ಬಂತು. ಸೆಮಿಸಿ, "ಹೊಗೆ ಅತ್ತೆ," ಅಂದ. ಅತ್ತೆಗೆ ಅದು "ಹಾಗೇ" ಅಂತ ಕೇಳಿಸ್ತು. "ಸರಿ, ಇಡು ಮತ್ತೆ," ಅಂತ ಫೋನಿಟ್ಟರು. ಅವನು ಒಳಗೆ ಓಡಿದ. ಸೂಟಿನ ಕೋಟು ಸುಟ್ಟ ಕೋಟಾಗಿತ್ತು. ಅತ್ತೆಯ ಆ ಇನ್ನೊಂದು ಮಾತು ಹೊಗೆಯ ಜೊತೆ ಕಿಟಕಿಯಿಂದ ಆಚೆ ಹೋಯ್ತು. ಮೆಲೆಸಿಯುಗೂ ಅದು ತಲುಪಲಿಲ್ಲ, ಯಾರಿಗೂ ತಲುಪಲಿಲ್ಲ.

ಇಲ್ಲಿ ಬೇರೆಯವನಾಗಿದ್ರೆ ತಲೆ ಮೇಲೆ ಕೈ ಹೊತ್ತು ಕೂರ್ತಿದ್ದ. ಸೆಮಿಸಿಯ ಬುದ್ಧಿ ನಿಧಾನ, ಪಟ್ಟು ಮಾತ್ರ ಕಡಲ ಬಂಡೆ. "ಇಸ್ತ್ರಿ ಕೊಟ್ಟ ಕಲೆಯನ್ನ ಮೇಸ್ತ್ರಿ ಥರ ಕಿತ್ತು ಹಾಕ್ತೀನಿ," ಅಂತ ತೋಳು ಮಡಿಸಿ ಅಂಗಳಕ್ಕೆ ಬಂದ.

ಮೊದಲು ಮೆಲೆಸಿಯುವಿನ ಮದ್ದು. ತಣ್ಣೀರು, ಸೋಪು. ಬೆನ್ನು ತಿರುಗಿಸಿ ಉಜ್ಜೋವಾಗ ಅವಳ ಬೆರಳಿಗೆ ಏನೋ ತಾಗಿತು. "ಇಲ್ಲಿ ನೋಡು, ಸೊಂಟದ ಹತ್ರ ತೇಪೆ ಇದೆ. ಬಿಳಿ ದಾರದಲ್ಲಿ ಸಣ್ಣಗೆ ಹೊಲಿದಿದ್ದಾರೆ."

"ಮೂವತ್ತು ವರ್ಷ ಮಂಡಿಯೂರಿ ಪ್ರಾರ್ಥನೆ ಮಾಡಿ ಸವೆದಿರಬೇಕು."

"ಮಂಡಿಯೂರಿದ್ರೆ ಸೊಂಟ ಸವೆಯುತ್ತಾ?"

"ಭಕ್ತಿ ಎಲ್ಲಿಂದ ಎಲ್ಲಿಗೆ ಹೋಗುತ್ತೋ ನಿನಗೇನು ಗೊತ್ತು? ಉಜ್ಜು."

ಕೋಕೋ ಬಣ್ಣ ಕೋಕೋ ಆಗೇ ಇತ್ತು. ಬೇಲಿಯಾಚೆಯಿಂದ ನನ್ನ ಪಾಲಿನ ಮದ್ದು ಕೊಟ್ಟೆ. ನಮ್ಮ ಗಿಡದ ನಿಂಬೆ ಹತ್ತು, ಒಂದು ಹಿಡಿ ಉಪ್ಪು. ನಿಂಬೆ ಹಿಂಡಿ, ಉಪ್ಪು ತಿಕ್ಕಿ, ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕಲೆಯನ್ನ ದಿಟ್ಟಿಸಿದ. ಒಂದು ಗಂಟೆಗೆ ಕೋಕೋ ಹೋಗಿ ಕಡುಚಹಾ ಆಯ್ತು. ಆಮೇಲೆ ಒಂದು ಹಂದಿ ಬಂದು ಉಪ್ಪಿನ ಆಸೆಗೆ ಕೋಟು ನೆಕ್ಕಿತು. ನೆಕ್ಕಿದ ಕಡೆ ಕಲೆ ಒಂದು ಛಾಯೆ ತಿಳಿಯಾಯ್ತು. ಸೆಮಿಸಿ ಹಂದಿಯನ್ನ ಓಡಿಸಲಿಲ್ಲ. ಇನ್ನೊಂದು ಹಿಡಿ ಉಪ್ಪು ಹಾಕಿದ.

ನಾಲ್ಕು ಗಂಟೆಗೆ ಮೋಡ ಬಂತು. ಕಡುಚಹಾ ಹಾಲು ಹಾಕಿದ ಚಹಾ ಆಗಿತ್ತು, ಇನ್ನೊಂದೆರಡು ಗಂಟೆ ಬಿಸಿಲು ಸಿಕ್ಕಿದ್ರೆ ಕಲೆ ಪೂರ್ತಿ ಹೋಗ್ತಿತ್ತು. ಆದ್ರೆ ಮಾರನೇ ದಿನ ಭಾನುವಾರ. ಭಾನುವಾರ ನಮ್ಮಲ್ಲಿ ಕೆಲಸ ಮಾಡೋಹಾಗಿಲ್ಲ. ತಂತಿ ಮೇಲೆ ಒಂದು ಕರ್ಚೀಫು ಒಣಗಿದ್ರೂ ಊರ ಆಫೀಸರ್ ವಾಕಾ ಬಾಗಿಲಿಗೆ ಬರ್ತಾನೆ. ಶನಿವಾರದ ಕೊನೇ ಬೆಳಕಲ್ಲಿ ಸೆಮಿಸಿ ತನ್ನ ವಾದವನ್ನ ನನಗೆ ಹೇಳಿದ:

"ನೋಡಣ್ಣ. ರಸ ಹಚ್ಚೋದು ಕೆಲಸ. ಅದನ್ನ ಇವತ್ತೇ ಹಚ್ಚಿ ಸುತ್ತಿಡ್ತೀನಿ. ತಂತಿಗೆ ಹಾಕೋದು ಕೆಲಸ. ಅದನ್ನ ನಾನು ಮಾಡೋದೇ ಇಲ್ಲ. ಬೆಳಿಗ್ಗೆ ಕೋಟು ಹಾಕ್ಕೊಂಡು ಅಂಗಳದಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ನಿಂತ್ಕೋತೀನಿ. ನಿಲ್ಲೋದು ಕೆಲಸ ಅಲ್ಲ. ಇನ್ನು ಕಲೆ ತೆಗೆಯೋದು ಸೂರ್ಯನ ಕೆಲಸ. ತಾಕತ್ತಿದ್ರೆ ವಾಕಾ ಹೋಗಿ ಸೂರ್ಯನ್ನ ಹಿಡೀಲಿ."

ಇಂಥ ತರ್ಕ ಮಾಡೋನು ಉಪದೇಶಕ ಆಗದೇ ಇನ್ಯಾರು ಆಗ್ತಾರೆ ಅಂತ ನನಗೆ ಅನ್ನಿಸ್ತು. ಆ ಖುಷಿಗೆ ನನ್ನ ಅಜ್ಜಿಯ ಮದ್ದನ್ನೂ ಹೇಳ್ಬಿಟ್ಟೆ. ಸುಟ್ಟ ಕಲೆಗೆ ಈರುಳ್ಳಿ ಹೆಚ್ಚಿ ಉಜ್ಜಬೇಕು ಅಂತ. ಒಂದು ಈರುಳ್ಳಿ ಸಾಕು ಅಂದಿದ್ದೆ. ಅವನು ಏಳು ಉಜ್ಜಿದ.

ಅತ್ತ ಮೆಲೆಸಿಯು ಅತ್ತೆ ದೋಣಿಯಲ್ಲಿ ಬರ್ತಾರೆ ಅಂತ ಪೆಟ್ಟಿಗೆಯ ಚಾಪೆಗಳನ್ನೆಲ್ಲ ತೆಗೆದು ಜಗಲಿ ಕಟಕಟೆ ಮೇಲೆ ಗಾಳಿಗೆ ಹಾಕಿದ್ದಳು, ಕೋಳಿ ಬೇಯಿಸಿಟ್ಟಿದ್ದಳು. ಊರಿನ ಹೆಂಗಸರು ಇಣುಕಿ ಇಣುಕಿ ನೋಡಿದ್ರು. ಪಟ್ಟಣಕ್ಕೆ ದೋಣಿ ಬರೋ ಹೊತ್ತು ದಾಟಿತು, ಅತ್ತೆ ಮನೆಗೆ ಬರಲಿಲ್ಲ. "ಎಲ್ಲಿ ಅತ್ತೆ?" ಅಂತ ಮೆಲೆಸಿಯು ಕೇಳಿದ್ರೆ ಸೆಮಿಸಿ ಕೋಟಿಂದ ಕಣ್ಣು ಎತ್ತದೆ, "ಹೋಗುತ್ತೆ, ಹೋಗುತ್ತೆ," ಅಂದ.

ಭಾನುವಾರ ಬೆಳಿಗ್ಗೆ ಮೆಲೆಸಿಯು ಹಾಡಿನ ತಂಡದ ತಾಲೀಮಿಗೆ ಅಂತ ಬೇಗ ಚರ್ಚಿಗೆ ಹೋದಳು. ಎಂಟು ಗಂಟೆಗೆ ಸೆಮಿಸಿ ಈರುಳ್ಳಿ ನಿಂಬೆಯಲ್ಲಿ ನೆಂದ ಕೋಟು ತೊಟ್ಟು, ರಸ್ತೆಗೆ ಬೆನ್ನು ಮಾಡಿ, ಗೋಡೆ ನೋಡ್ತಾ ನಿಂತ. ಬಾಯಲ್ಲಿ ಉಪದೇಶ ಗುನುಗ್ತಾ ಇದ್ದ. ಬಿಸಿಲು ಏರ್ತಾ ಇದ್ದಹಾಗೆ ಈರುಳ್ಳಿಯ ಘಾಟು ಕಾಲರಿಂದ ಎದ್ದು ನೇರ ಕಣ್ಣಿಗೆ ಬಂತು. ಧಾರಾಕಾರ ನೀರು. ಒರೆಸ್ಕೊಳ್ಳೋಕೆ ಕೈಯೆತ್ತಿದ್ರೆ ಕೋಟು ಸುಕ್ಕಾಗುತ್ತೆ. ಹಾಗೇ ಸುರಿಯೋಕೆ ಬಿಟ್ಟ.

ಹಿಂದಿನಿಂದ ಗೇಟು ಕಿರ್ ಅಂತು. ವಾಕಾ.

ರಸ್ತೆ ಕಡೆಯಿಂದ ಬರೋನಿಗೆ ಮೊದಲು ಕಾಣೋದೇ ಬೆನ್ನು. ಸೆಮಿಸಿ ಒಂದೇ ನೆಗೆತಕ್ಕೆ ಜಗಲಿ ಕಟಕಟೆ ಮೇಲಿದ್ದ ಚಾಪೆಗಳಲ್ಲಿ ಕೈಗೆ ಸಿಕ್ಕಿದ್ದನ್ನ ಎಳೆದು ಕಂಕುಳವರೆಗೂ ಸುತ್ತಿಕೊಂಡ. ಕೈಗೆ ಸಿಕ್ಕಿದ್ದು ಅವನ ಅಜ್ಜಿಯ ಕಾಲದ ಚಾಪೆ. ದೊಡ್ಡದು, ಒರಟು, ಅಂಚೆಲ್ಲ ಚಿಂದಿ.

ನಮ್ಮಲ್ಲಿ ಅಕ್ಷರ ಓದೋಕೆ ಬರದವರು ಒಬ್ಬಿಬ್ಬರು ಇರಬಹುದು, ಚಾಪೆ ಓದೋಕೆ ಬರದವರು ಇಲ್ಲ. ಸೊಂಟದ ಮೇಲೆ ಚಿಕ್ಕ ನುಣುಪು ಚಾಪೆ ಇದ್ರೆ ಚರ್ಚಿಗೆ ಹೊರಟಿದ್ದಾನೆ. ಸ್ವಲ್ಪ ದೊಡ್ಡದು, ಒರಟು ಆಗಿದ್ರೆ ದೂರದ ನೆಂಟರು ಯಾರೋ ತೀರ್ಕೊಂಡಿದ್ದಾರೆ. ಕಂಕುಳು ಮುಟ್ಟಿ, ಮೊಣಕಾಲು ದಾಟಿ, ಹರಿದು ಜೋಲಾಡ್ತಾ ಇದ್ರೆ ಸತ್ತಿರೋದು ಅಪ್ಪನ ಅಕ್ಕನೋ ತಂಗಿಯೋ. ಅಷ್ಟು ದೊಡ್ಡವರು ಹೋದಾಗ ನಾವು ಅಷ್ಟು ಹರಕಲಾಗಬೇಕು. ಸೆಮಿಸಿಗೆ ಇರೋದು ಒಬ್ಬರೇ ಸೋದರತ್ತೆ. ಇದೆಲ್ಲ ಅವನಿಗೂ ಗೊತ್ತು. ಆದ್ರೆ ಆ ಗಳಿಗೆಯಲ್ಲಿ ಅವನ ತಲೆ ಪೂರ್ತಿ ಬೆನ್ನಲ್ಲಿತ್ತು.

"ಭಾನುವಾರ ಬಟ್ಟೆ ಒಣ..." ಅಂತ ಶುರು ಮಾಡಿದ ವಾಕಾ ನಿಂತುಬಿಟ್ಟ. ಚಾಪೆ ನೋಡಿದ. ಸುರಿಯೋ ಕಣ್ಣೀರು ನೋಡಿದ. ಮೆಲ್ಲಗೆ ಟೋಪಿ ತೆಗೆದ.

"ಯಾರು ಸೆಮಿಸಿ?"

ಸೆಮಿಸಿ ಅಂದ್ಕೊಂಡ, ಸಿಕ್ಕಿಬಿದ್ದೆ. ಕಲೆ ಕಂಡುಬಿಟ್ಟಿದೆ, ಯಾರು ಮಾಡಿದ್ದು ಅಂತ ಕೇಳ್ತಿದ್ದಾನೆ.

"ಅತ್ತೆ," ಅಂದ. ಫೋನು ಮಾಡಿದ್ದು ಅವರೇ ತಾನೇ.

"ಅಯ್ಯೋ ದೇವರೇ! ಯಾವಾಗ?"

"ನಿನ್ನೆ ಮಧ್ಯಾಹ್ನ. ಏವುವಾದಿಂದ ಫೋನು ಬಂತು."

"ಅದಕ್ಕೇ ನಿನ್ನೆ ಅವರು ಬರಲೇ ಇಲ್ಲ! ಹೇಗಾಯ್ತು?"

"ಒಂದೇ ಒಂದು ನಿಮಿಷ ಕಣೋ. ಹೊಗೆ ಬಂತು. ಓಡಿ ಹೋಗಿ ನೋಡೋಷ್ಟರಲ್ಲಿ..."

"ಸುಟ್ಟು...?"

"ಹೂಂ. ಬೆನ್ನು ಪೂರ್ತಿ."

ವಾಕಾ ಗೇಟಿನ ಕಂಬ ಹಿಡ್ಕೊಂಡ. "ನೀನು ಇವತ್ತು ಉಪದೇಶ... ಆಗುತ್ತಾ ನಿನ್ನ ಕೈಲಿ?"

"ಆಗಲೇಬೇಕು. ಏನಾದ್ರೂ ಆಗಲಿ, ವೇದಿಕೆ ಹತ್ತೇ ಹತ್ತುತೀನಿ. ಉಪದೇಶ ಮುಗಿಯೋವರೆಗೂ ಇದು ಯಾರಿಗೂ ಗೊತ್ತಾಗಬಾರದು ವಾಕಾ. ನಿನ್ನ ಕಾಲಿಗೆ ಬೀಳ್ತೀನಿ."

ವಾಕಾನ ಕಣ್ಣಲ್ಲೂ ನೀರು. ಎಂಥ ಗುಂಡಿಗೆ! ಮನೇಲಿ ಸಾವು, ಬಾಯಲ್ಲಿ ದೇವರ ಮಾತು! "ಯಾರಿಗೂ ಹೇಳಲ್ಲ," ಅಂತ ಕೈ ಮೇಲೆ ಕೈಯಿಟ್ಟ. ಈರುಳ್ಳಿ ಇನ್ನೂ ಜೋರಾಗಿ ಹೊಡೀತು, ಇಬ್ಬರೂ ತಬ್ಬಿಕೊಂಡು ಅತ್ತರು.

ಊರ ಆಫೀಸರ್ ಗುಟ್ಟು ಕಾಪಾಡೋ ಕ್ರಮ ಒಂದಿದೆ. ಪ್ರತಿ ಮನೆಗೂ ಹೋಗಿ, ಯಾರಿಗೂ ಹೇಳ್ಬೇಡಿ ಅಂತ ಹೇಳ್ತಾನೆ. ಒಂಬತ್ತು ಗಂಟೆಗೆ ನಮ್ಮನೆಗೆ ಬಂದ. "ಕಲೋಲೈನೆ ಅತ್ತೆ ಬೆಂಕಿಗೆ ಸಿಕ್ಕಿ ತೀರ್ಕೊಂಡ್ರು. ಪಾಪ, ಸೆಮಿಸಿ ನುಂಗಿಕೊಂಡು ನಿಂತಿದ್ದಾನೆ. ಅವನಿಗೆ ನಮಗೆ ಗೊತ್ತು ಅಂತ ಗೊತ್ತಾಗಬಾರದು. ಎಲ್ಲರೂ ಕಪ್ಪು ಉಟ್ಟು ಬನ್ನಿ. ಮಣ್ಣೊಲೆಗೆ ಇನ್ನೂ ಮೂರು ಹಂದಿ ಇಳಿಸೋಕೆ ಹೇಳಿದ್ದೀನಿ."

ಗೊತ್ತು ಅಂತ ಗೊತ್ತಾಗಬಾರದು, ಆದ್ರೆ ಊರೇ ಕಪ್ಪು ಉಡಬೇಕು. ವಾಕಾನ ಆಡಳಿತ ಹೀಗೇ.

ಹತ್ತು ನಿಂಬೆ ಕೊಟ್ಟವನು ನಾನು. ನನಗೆ ಆಗಲೇ ಹೊಳೀಬೇಕಿತ್ತು. ಹೊಳೀಲಿಲ್ಲ. ಸಾವಿನ ಸುದ್ದಿ ಬಂದಾಗ ನಮ್ಮವರು ಮೊದಲು ಕಣ್ಣು ತೆರೀತಾರೆ, ಬುದ್ಧಿ ಆಮೇಲೆ. ನನ್ನ ಅತ್ತೆ ಅಲ್ಲದಿದ್ರೂ ಅತ್ತೆಗಾಗಿ ನಾನೂ ಅತ್ತೆ.

ಇತ್ತ ಸೆಮಿಸಿ ಚಾಪೆ ಬಿಚ್ಚಿ, ಕೋಟು ಕಳಚಿ ನೋಡಿದ. ಕಲೆ ಸಿಹಿಗೆಣಸಿನ ತಿರುಳಿನ ಬಣ್ಣಕ್ಕೆ ಬಂದಿತ್ತು, ಆದ್ರೆ ಹೋಗಿರಲಿಲ್ಲ. ಡೋಲು ಬಾರಿಸಿದ್ರು. ಹೊತ್ತಿಲ್ಲ. ಮತ್ತೆ ಆ ದೊಡ್ಡ ಚಾಪೆ ಸುತ್ತಿ ನೋಡಿದ. ಎಷ್ಟು ಚೆನ್ನಾಗಿ ಮುಚ್ಚುತ್ತೆ! ಪೌಲಿಯಾಸಿ ಮಾವ ನಾಲ್ಕು ಬೆರಳು ಮೇಲೆ ಕಟ್ಟಿದ್ದು ವಿನಯ ಆದ್ರೆ, ನಾನು ಒಂದು ಮೊಳ ಮೇಲೆ ಕಟ್ಟಿದ್ರೆ ಮಹಾವಿನಯ ಅಂತ ತನ್ನನ್ನ ತಾನೇ ಒಪ್ಪಿಸಿಕೊಂಡು ಹೊರಟ. ಆ ಛಾಪಿನ ಮೇಲೆ ಈ ಚಾಪೆ.

ಚರ್ಚಿನ ಬಾಗಿಲಲ್ಲಿ ಅವನು ಕಾಲಿಟ್ಟಾಗ ಒಳಗೆಲ್ಲ ಕಪ್ಪೋ ಕಪ್ಪು. ಇನ್ನೂರು ಜನ, ಇನ್ನೂರು ಒರಟು ಚಾಪೆ. ಸೆಮಿಸಿ ಬೆಚ್ಚಿದ. ಊರಲ್ಲಿ ಯಾರೋ ದೊಡ್ಡವರು ಸತ್ತಿದ್ದಾರೆ, ನನಗೊಬ್ಬನಿಗೇ ಗೊತ್ತಿಲ್ಲ! ನಿನ್ನೆಯಿಡೀ ಕೋಟಿನ ಪಕ್ಕ ಕೂತಿದ್ದರ ಫಲ. ಈಗ ಯಾರು ಸತ್ತಿದ್ದು ಅಂತ ಕೇಳಿದ್ರೆ ಮರ್ಯಾದೆ ಹೋಗುತ್ತೆ. ಆದ್ರೂ ಒಂದು ಸಮಾಧಾನ: ಈ ಗುಂಪಲ್ಲಿ ನನ್ನ ಚಾಪೆ ಎದ್ದು ಕಾಣಲ್ಲ. ಇದನ್ನೆಲ್ಲ ಅವನು ನನಗೆ ಆಮೇಲೆ ಹೇಳಿದ್ದು. ಆಗ ನನ್ನ ಪಕ್ಕ ಬಂದು ಇಷ್ಟೇ ಪಿಸುಗುಟ್ಟಿದ: "ಅಣ್ಣ, ನಿಮಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ. ವಾಕಾ ಹೇಳಿದ. ಧೈರ್ಯ ತಂದ್ಕೋ."

"ಎಂಥ ಒಳ್ಳೇ ಮನುಷ್ಯ," ಅಂದ ಸೆಮಿಸಿ ಅಂದಾಜಲ್ಲಿ.

"ಮನುಷ್ಯ?" ಅಂದೆ. ಅವನು ಆಗಲೇ ಮುಂದೆ ಹೋಗಿದ್ದ.

ಹಾಡಿನ ತಂಡದಲ್ಲಿ ಮೆಲೆಸಿಯು ಎರಡು ಕೆಲಸ ಒಟ್ಟಿಗೆ ಮಾಡ್ತಾ ಇದ್ದಳು. ಅತ್ತೆಗಾಗಿ ಅಳ್ತಾ, ಗಂಡನ್ನ ಗುರಾಯಿಸ್ತಾ ಇದ್ದಳು. ಹೆಂಡತಿಗೂ ಹೇಳದೆ ವಾಕಾಗೆ ಹೇಳಿದ್ದಾನಲ್ಲ ಅನ್ನೋ ಉರಿ ಅವಳಿಗೆ. ಪಾದ್ರಿಗಳು ಸೆಮಿಸಿಯ ಕೈ ಒತ್ತಿ ಹಿಡಿದು, "ಬೇಕಿದ್ರೆ ಇನ್ನೊಂದು ವಾರ ಮಾಡು, ಮಗನೇ," ಅಂದ್ರು.

"ಇಲ್ಲ ಪಾದ್ರಿಗಳೇ. ಇವತ್ತೇ."

ವೇದಿಕೆ ಹತ್ತಿದ. ಕೋಟಿನ ಕಾಲರು ಮೂಗಿನ ಕೆಳಗೇ ಇತ್ತು. ಬಾಯಿ ತೆರೆಯೋ ಮುಂಚೆ ಕಣ್ಣೀರು. ಇಡೀ ಚರ್ಚು ಮೂಗು ಸೀಟಿತು.

"ಪ್ರೀತಿಯ ಬಂಧುಗಳೇ," ಅಂದ ಸೆಮಿಸಿ. ನಾವು ಉಸಿರು ಹಿಡಿದ್ವಿ. ಮೊದಲನೇ ಸಲ ನಿಂತುಹೋಗಿದ್ದು ಇಲ್ಲೇ. ಅವನು ದಾಟಿದ. "ಒಬ್ಬ ಮನುಷ್ಯ ಇದ್ದ. ಹಿರಿಯರಿಂದ ಬಂದ ಒಂದು ಅಮೂಲ್ಯವಾದದ್ದು ಅವನಿಗಿತ್ತು. ತುಂಬಾ ಹಳೇದು. ಬೆಳ್ಳಗೆ ಇತ್ತು. ಸ್ವಲ್ಪ ಬಿಗಿ."

ಅತ್ತೆಯ ಬಿಳಿ ಕೂದಲು, ಬಿಗಿ ಸ್ವಭಾವ ಎಲ್ಲರ ಕಣ್ಣ ಮುಂದೆ ಬಂತು. ಹೆಂಗಸರ ಸಾಲು ಬಿಕ್ಕಿತು.

"ಒಂದೇ ಗಳಿಗೆ ಅವನು ಗಮನ ತಪ್ಪಿದ. ಅಷ್ಟರಲ್ಲಿ ಬೆಂಕಿ ತನ್ನ ಕೆಲಸ ಮಾಡಿತ್ತು!"

ಮೂರನೇ ವಾಕ್ಯದ ಗಂಡಾಂತರವೂ ದಾಟಿತು. ಹಿರಿಯರೆಲ್ಲ ತಲೆ ತಗ್ಗಿಸಿದ್ರು. ಸೆಮಿಸಿಗೆ ಹುರುಪು ಬಂತು. ಅವನ ಮಾತಿಗೆ ಇಷ್ಟು ಜನ ಅತ್ತಿದ್ದು ಅವನ ಜೀವಮಾನದಲ್ಲಿ ಇದೇ ಮೊದಲು.

"ಅವನು ಕೈ ಕಟ್ಟಿ ಕೂತನಾ? ಇಲ್ಲ! ತಣ್ಣೀರಲ್ಲಿ ತೊಳೆದ. ನಿಂಬೆ ಹಿಂಡಿದ. ಉಪ್ಪು ತಿಕ್ಕಿದ. ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದ!"

ನನ್ನ ಹಿಂದೆ ಒಬ್ಬ ಮುದುಕ ಪಕ್ಕದವನಿಗೆ, "ನಿಂಬೆ ಯಾಕಂತೆ?" ಅಂದ. "ಏವುವಾ ಕಡೆ ಹಾಗೆ ಮಾಡ್ತಾರೇನೋ," ಅಂತ ಪಕ್ಕದವನು.

ನನಗೆ ಆಗ ಹೊಳೀತು. ಬೆಂಚಿನಿಂದ ಅರ್ಧ ಎದ್ದೆ. ಸೆಮಿಸಿ ಎರಡೂ ಕೈ ಮೇಲೆತ್ತಿ ಕೂಗಿದ:

"ಬಂಧುಗಳೇ, ನಿಮ್ಮನ್ನ ಕೇಳ್ತೀನಿ! ಸುಟ್ಟುಹೋದದ್ದು ಮತ್ತೆ ಮೊದಲಿನ ಹಾಗೆ, ಬೆಳ್ಳಗೆ, ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತಾ?"

ಬಾಗಿಲು ತೆರೀತು. ಕಲೋಲೈನೆ ಅತ್ತೆ ಬಂದು ನಿಂತ್ರು. ತಲೆಯಿಂದ ಕಾಲಿನವರೆಗೂ ಬಿಳಿ ಉಡುಪು, ಬಿಳಿ ಟೋಪಿ, ಕೈಯಲ್ಲಿ ಬೀಸಣಿಗೆ.

ಮುಂದಿನ ಅರ್ಧ ನಿಮಿಷದ ಬಗ್ಗೆ ನಮ್ಮೂರಲ್ಲಿ ಒಮ್ಮತ ಇಲ್ಲ. ಹಾಡಿನ ತಂಡದ ದಪ್ಪ ದನಿಯವನು 'ಸ' ಹಿಡಿಯೋಕೆ ಹೋಗಿ ಕಿರುಚಿದ ಅಂತಾರೆ. ವಾಕಾ ಬೆಂಚಿನ ಕೆಳಗೆ ಹೋದ ಅನ್ನೋದಂತೂ ನಿಜ, ನನ್ನ ಕಾಲು ಹಿಡ್ಕೊಂಡಿದ್ದು ಅವನೇ.

ಅತ್ತೆ ನಿಧಾನವಾಗಿ ನಡು ದಾರಿಯಲ್ಲಿ ನಡೆದು ಬಂದ್ರು. ಎಡಗಡೆ ಕಪ್ಪು ನೋಡಿದ್ರು, ಬಲಗಡೆ ಕಪ್ಪು ನೋಡಿದ್ರು. "ಪಟ್ಟಣದಲ್ಲಿ ಗಾಡಿ ಕೈ ಕೊಡ್ತು, ಅದಕ್ಕೇ ತಡ. ಏನಾಯ್ತು? ಯಾರು ಹೋದ್ರು?" ಅಂದ್ರು. ಆಮೇಲೆ ವೇದಿಕೆ ಮೇಲಿದ್ದ ಅಣ್ಣನ ಮಗನ ಚಾಪೆ ನೋಡಿದ್ರು. ಕಂಕುಳಿಂದ ಮೊಣಕಾಲಿನವರೆಗೂ ಕಣ್ಣಲ್ಲೇ ಅಳೆದ್ರು. ಅಂಚಿನ ಚಿಂದಿ ಓದಿದ್ರು. ಬೀಸಣಿಗೆ ನಿಂತಿತು.

"ಸೆಮಿಸಿ. ನಾನು ಯಾವಾಗ ಸತ್ತೆ?"

'ಅತ್ತೆ ಸತ್ರು ಅಂತ ನಾನೂ ಅತ್ತೆ' ಅಂತ ಹೇಳೋಕೆ ನನಗೆ ನಾಲಿಗೆ ಹೊರಳಲಿಲ್ಲ. ಸೆಮಿಸಿ ಮುಖ ಆಗ ನೋಡ್ಬೇಕಿತ್ತು. ಇನ್ನೂರು ಚಾಪೆ, ವಾಕಾನ ಕಣ್ಣೀರು, ಪಾದ್ರಿಗಳ ಕೈ ಒತ್ತು, ಎಲ್ಲ ಒಂದೊಂದಾಗಿ ಅವನ ತಲೆಗೆ ಇಳೀತಾ ಇರೋದು ಹೊರಗಿಂದಲೇ ಕಾಣ್ತಿತ್ತು. ಕೋಟು ಮಡಿಸೋಕೆ ಹೋಗಿ ಅತ್ತೆಯನ್ನೇ ಮಡಿಸಿಬಿಟ್ಟಿದ್ದ. ಅಲ್ಲೇ ಮಂಡಿಯೂರಿದ.

"ಅತ್ತೆ, ನೀವು ಸತ್ತಿಲ್ಲ."

"ಅದು ನನಗೆ ಗೊತ್ತು. ಆ ಚಾಪೆ ಬಿಚ್ಚು."

"ಅತ್ತೆ, ಅದೊಂದು..."

"ಬಿಚ್ಚು. ತಿರುಗು."

ನಮ್ಮಲ್ಲಿ ಅತ್ತೆ ಮಾತಿಗೆ ಎರಡಿಲ್ಲ. ಬಿಚ್ಚಿದ. ತಿರುಗಿದ. ಬೆನ್ನ ಮೇಲೆ ತಿಳಿ ಹಳದಿ ದೋಣಿ ಇಡೀ ಸಭೆಗೆ ಕಂಡಿತು. ಈರುಳ್ಳಿ ವಾಸನೆ ಮೂರನೇ ಸಾಲಿನವರೆಗೂ ಬಂತು. "ನಿನ್ನೆ ನಿಮ್ಮ ಫೋನು ಬಂದಾಗ ಇಸ್ತ್ರಿ ಮೇಲಿಟ್ಟು ಹೋದೆ," ಅಂತ ಗೋಡೆಗೆ ಹೇಳಿದ.

"ಏಳು ಈರುಳ್ಳಿ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತು!" ಅಂತ ಹಾಡಿನ ತಂಡದಿಂದ ಮೆಲೆಸಿಯು.

ಮೂರನೇ ಸಲ, ಕೊನೇ ಸಲ. ಸೆಮಿಸಿಯ ಭುಜ ಇಳಿದುಹೋಯ್ತು. ಮೂಲೆಯಲ್ಲಿ ಡೋಲು ಅವನಿಗಾಗಿ ಕಾಯ್ತಾ ಇತ್ತು.

ಅತ್ತೆ ವೇದಿಕೆ ಹತ್ತಿ, ಕನ್ನಡಕ ಹಾಕ್ಕೊಂಡು ಕಲೆಯನ್ನ ನೋಡಿದ್ರು. ಉಗುರಲ್ಲಿ ಕೆರೆದ್ರು. ಮೂಸಿದ್ರು. ಆಮೇಲೆ ಒಂದು ಗೇಣು ಕೆಳಗೆ, ಸೊಂಟದ ಹತ್ರ ಇದ್ದ ತೇಪೆ ಮೇಲೆ ಬೆರಳಿಟ್ಟು ನಮ್ಮ ಕಡೆ ತಿರುಗಿದ್ರು.

"ಇದೇನು ಅಂತ ಯಾರಿಗಾದ್ರೂ ಗೊತ್ತಾ? ನಮ್ಮೋರು ಮೊದಲನೇ ಉಪದೇಶಕ್ಕೆ ಹೊರಟ ದಿನ ನಾನು ಸುಟ್ಟಿದ್ದು. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಆಗ. ಇವನ ಹಾಗೆ ನಿಂಬೆ ಹಚ್ಚೋಕೆ ಅಲ್ಲಿ ಬಟ್ಟೆನೇ ಉಳಿದಿರಲಿಲ್ಲ. ತೇಪೆ ಹಾಕ್ದೆ, ಕಾಣದಿರಲಿ ಅಂತ ಚಾಪೆಯನ್ನ ನಾಲ್ಕು ಬೆರಳು ಮೇಲೆ ಕಟ್ಟಿದೆ. ಮೂವತ್ತು ವರ್ಷ ಹಾಗೇ ಕಟ್ಟಿದೆ."

ಹಿರಿಯರ ಸಾಲಲ್ಲಿ ಒಬ್ಬೊಬ್ಬರೇ ಬಗ್ಗಿ ತಮ್ಮ ಚಾಪೆ ನೋಡ್ಕೊಂಡ್ರು. ಮೂವತ್ತು ವರ್ಷದ ವಿನಯ ಅವರ ಹೊಟ್ಟೆ ಮೇಲೆ ಸುಮ್ಮನೆ ಕೂತಿತ್ತು.

"ನಾನು ಸೊಂಟ ಸುಟ್ಟೆ, ನೀನು ಬೆನ್ನು ಸುಟ್ಟೆ," ಅಂದ್ರು ಅತ್ತೆ. "ನಿನ್ನ ಮಕ್ಕಳಿಗೆ ಇನ್ನು ಕಾಲರ್ ಒಂದು ಉಳಿದಿದೆ. ಉಪದೇಶ ಮುಗೀತಾ?"

"ಇಲ್ಲ ಅತ್ತೆ."

"ಮತ್ತೆ? ನಿಮ್ಮ ಮಾವ ಅವತ್ತು ನಿಲ್ಲಿಸಲಿಲ್ಲ."

ಸೆಮಿಸಿ ನಮ್ಮ ಕಡೆ ತಿರುಗಿದ. ಕಣ್ಣು ಕೆಂಪಗಿತ್ತು. ಬರೆದುಕೊಂಡ ಕಾಗದ ಹುಡುಕಿದ, ಅದು ಚಾಪೆ ಮಡಿಕೆಯಲ್ಲಿ ಎಲ್ಲೋ ಹೋಗಿತ್ತು. ಕಾಗದ ಬಿಟ್ಟ.

"ನಿಮ್ಮನ್ನ ಒಂದು ಪ್ರಶ್ನೆ ಕೇಳಿದ್ದೆ," ಅಂದ. "ಸುಟ್ಟಿದ್ದು ಮತ್ತೆ ಬೆಳ್ಳಗಾಗುತ್ತಾ ಅಂತ. ನನಗೂ ಗೊತ್ತಿಲ್ಲ. ನಿನ್ನೆ ಕೋಕೋ ಇತ್ತು. ಇವತ್ತು ಗೆಣಸಾಗಿದೆ. ನಾಳೆ ಸೋಮವಾರ, ಬಿಸಿಲಿದೆ. ಇನ್ನೊಂದು ಸಲ ಉಜ್ಜುತೀನಿ. ಆಮೆನ್."

"ಆಮೆನ್," ಅಂತ ಎಲ್ಲರಿಗಿಂತ ಮೊದಲು ಅಂದಿದ್ದು ಅತ್ತೆ. ಆಮೇಲೆ ನಾವು. ಯಾರೂ ಎದ್ದು ಹೋಗಲಿಲ್ಲ.

ಪಾದ್ರಿಗಳು ಗಡ್ಡ ಕೆರ್ಕೊಂಡು ಎದ್ದು ನಿಂತ್ರು. "ಮೊದಲನೇ ಸಲ ಇವನು ಮಾತಾಡಿದಾಗ ಜನ ನಕ್ಕರು," ಅಂದ್ರು. "ಎರಡನೇ ಸಲ ಎದ್ದು ಹೋದ್ರು. ಈ ಸಲ ಅತ್ತರು, ಅಷ್ಟೇ ಅಲ್ಲ, ಸತ್ತವರೊಬ್ಬರು ಎದ್ದು ಬಂದ್ರು. ನಾನು ಇಪ್ಪತ್ತೆರಡು ವರ್ಷದಿಂದ ಉಪದೇಶ ಮಾಡ್ತಿದ್ದೀನಿ, ನನ್ನ ಕೈಲಿ ಇದುವರೆಗೂ ಆಗಿಲ್ಲ. ಇವನನ್ನ ನಪಾಸು ಮಾಡೋಕೆ ನಾನು ಯಾರು?"

ಮಣ್ಣೊಲೆಯಲ್ಲಿದ್ದ ಮೂರು ಹಂದಿ ದಂಡ ಆಗಲಿಲ್ಲ. ಅತ್ತೆ ತಮ್ಮ ತಿಥಿಯ ಊಟವನ್ನ ತಾವೇ ಕೂತು ಎರಡು ಸಲ ಬಡಿಸಿಕೊಂಡು ಉಂಡರು. ಉಪ್ಪು ಸ್ವಲ್ಪ ಕಮ್ಮಿ ಅಂದ್ರು. ನಮ್ಮನೆ ಉಪ್ಪೆಲ್ಲ ಕೋಟಿಗೆ ಹೋಗಿತ್ತು.

ಮುಂದಿನ ಭಾನುವಾರ ನಮ್ಮೂರಿನ ಗಂಡಸರ ಚಾಪೆಗಳೆಲ್ಲ ಸದ್ದಿಲ್ಲದೆ ನಾಲ್ಕು ಬೆರಳು ಕೆಳಗಿಳಿದಿದ್ದವು. ನನ್ನದೂ. ಸೆಮಿಸಿ ಚಾಪೆಯೂ ಸೊಂಟಕ್ಕೆ ಬಂದಿತ್ತು, ಬೆನ್ನ ಮೇಲೆ ಗಮನಿಸಿ ನೋಡಿದ್ರೆ ಮಾತ್ರ ಕಾಣೋ ಒಂದು ದೋಣಿಯ ನೆರಳು. ಇಳೀದೇ ಇದ್ದದ್ದು ಒಂದೇ ಒಂದು ಚಾಪೆ. ಊರ ಆಫೀಸರ್ ವಾಕಾದು. ಮೇಲುಕಟ್ಟು ನಮ್ಮ ಸಂಪ್ರದಾಯ, ನಾನೊಬ್ಬನಾದ್ರೂ ಬಿಡಲ್ಲ ಅಂತ ಬಾಗಿಲಲ್ಲಿ ಭಾಷಣ ಮಾಡ್ತಾ ಇದ್ದ. ನಾವ್ಯಾರೂ ಏನೂ ಕೇಳಲಿಲ್ಲ.

ಕಲೋಲೈನೆ ಅತ್ತೆ ಒಳಗೆ ಹೋಗ್ತಾ ಇದ್ದವರು ನಿಂತು ಕನ್ನಡಕ ತೆಗೆದು ಹಾಕ್ಕೊಂಡ್ರು.

"ವಾಕಾ," ಅಂದ್ರು. "ಸ್ವಲ್ಪ ತಿರುಗು, ಮಗಾ."